ಬೆಳಿಗ್ಗೆ ಅರ್ಧಕ್ಕೇ ನಿಲ್ಲುವ ಚಾಕು

ಪ್ರಶ್ನೆ: ಕೊಡಗಿನ ನಾಪೋಕ್ಲು ಹತ್ತಿರ ನಮ್ಮದು ಕಾಫಿ ತೋಟ. ಎರಡು ವರ್ಷದ ಹಿಂದೆ ಭಾವ ದುಬೈಯಿಂದ ಬರುವಾಗ ಒಂದು ಮಡಚುವ ಚಾಕು ತಂದುಕೊಟ್ಟರು. ಅಲಗಿನ ಗುಬುಟನ್ನು ಹೆಬ್ಬೆರಳಲ್ಲಿ ಸ್ವಲ್ಪ ತಳ್ಳಿದರೆ ಸಾಕು, ಮಿಕ್ಕದ್ದನ್ನು ಒಳಗಿನ ಸ್ಪ್ರಿಂಗ್ ಟಕ್ಕೆಂದು ತೆರೆಯುತ್ತದೆ. ಬಳ್ಳಿ ಕಟ್ಟುವ ಹಗ್ಗ ಕೊಯ್ಯಲು, ಗೊಬ್ಬರದ ಚೀಲ ಬಿಚ್ಚಲು, ಕಿತ್ತಳೆ, ಹಲಸು ಎಲ್ಲಕ್ಕೂ ಅದೇ. ಈ ಮಳೆಗಾಲದಲ್ಲಿ ಬಿಗಿಯಾಯಿತು ಅಂತ ತೆಂಗಿನೆಣ್ಣೆ ಬಿಟ್ಟೆ. ಈಗ ಡಿಸೆಂಬರಿನಲ್ಲಿ ಬೆಳಿಗ್ಗೆ ತೆರೆದರೆ ಅರ್ಧಕ್ಕೇ ನಿಲ್ಲುತ್ತದೆ, ಮಧ್ಯಾಹ್ನದ ಹೊತ್ತಿಗೆ ಸರಿಯಾಗುತ್ತದೆ. ಡಬ್ಲ್ಯೂಡಿ-40 ಹೊಡೆದೆ, ಒಂದು ವಾರ ಚೆನ್ನಾಗಿತ್ತು, ಮತ್ತೆ ಅದೇ ಕಥೆ. ಸ್ಪ್ರಿಂಗ್ ಹೋಗಿದೆಯಾ? ಬಿಚ್ಚಿ ನೋಡಬಹುದಾ? ಯಾವ ಎಣ್ಣೆ ಹಾಕಬೇಕು?

ಉತ್ತರ: ಸ್ಪ್ರಿಂಗ್ ಹೋಗಿಲ್ಲ. ನಿಮ್ಮ ಪ್ರಶ್ನೆಯಲ್ಲೇ ಅದಕ್ಕೆ ಸಾಕ್ಷಿ ಇದೆ. ಮುರಿದ ಸ್ಪ್ರಿಂಗ್ ಬೆಳಿಗ್ಗೆ ಒಂದು ಥರ, ಮಧ್ಯಾಹ್ನ ಇನ್ನೊಂದು ಥರ ಇರುವುದಿಲ್ಲ. ಹೊತ್ತು ಏರಿದ ಹಾಗೆ ಬದಲಾಗುತ್ತಿರುವುದು ನೀವು ಬಿಟ್ಟ ತೆಂಗಿನೆಣ್ಣೆ. ಸುಮಾರು 24 ಡಿಗ್ರಿಗಿಂತ ಕೆಳಗೆ ತೆಂಗಿನೆಣ್ಣೆ ಹೆಪ್ಪುಗಟ್ಟುತ್ತದೆ. ಈ ತಿಂಗಳಲ್ಲಿ ನಿಮ್ಮ ಬಚ್ಚಲುಮನೆಯ ಎಣ್ಣೆ ಬಾಟಲಿ ಬೆಳಿಗ್ಗೆ ಬೆಳ್ಳಗೆ ಗಟ್ಟಿಯಾಗಿ ಕೂತಿರುತ್ತದಲ್ಲ, ಚಾಕುವಿನ ಕೀಲಿನ ಒಳಗೂ ಅದೇ ಆಗಿದೆ. ವಾಷರಿಗೂ ಅಲಗಿಗೂ ನಡುವೆ ಕೂದಲೆಳೆಯಷ್ಟು ಜಾಗ ಇರುತ್ತದೆ. ಅಲ್ಲಿ ಮೇಣದ ಹಾಗೆ ಕೂತ ಎಣ್ಣೆಯನ್ನು ತಳ್ಳಿಕೊಂಡು ಹೋಗುವಷ್ಟು ಬಲ ಆ ಸಣ್ಣ ಸ್ಪ್ರಿಂಗಿಗೆ ಇಲ್ಲ. ಬಿಸಿಲು ಏರಿ, ಚಾಕು ನಿಮ್ಮ ಜೇಬಿನಲ್ಲಿ ಮೈಶಾಖಕ್ಕೆ ಬೆಚ್ಚಗಾದ ಮೇಲೆ ಎಣ್ಣೆ ಕರಗುತ್ತದೆ, ಚಾಕು ತೆರೆಯುತ್ತದೆ.

ಡಬ್ಲ್ಯೂಡಿ-40 ಒಂದು ವಾರ ಕೆಲಸ ಮಾಡಿ ನಿಂತದ್ದಕ್ಕೂ ಕಾರಣ ಇದೆ. ಅದು ಹುಟ್ಟಿದ್ದೇ ನೀರನ್ನು ಓಡಿಸುವುದಕ್ಕೆ. 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದ ರಾಕೆಟ್ ಕೆಮಿಕಲ್ ಕಂಪನಿ ಅದನ್ನು ತಯಾರಿಸಿತು. ಹೆಸರಿನ ‘ಡಬ್ಲ್ಯೂಡಿ’ ಅಂದರೆ ನೀರು ತೊಲಗಿಸುವುದು, 40 ಅಂದರೆ ನಲವತ್ತನೆಯ ಪ್ರಯತ್ನದಲ್ಲಿ ಕೈಗೂಡಿದ್ದು. ಅದರ ಬಹುಪಾಲು ಆರಿಹೋಗುವ ದ್ರಾವಕ. ನಿಮ್ಮ ಚಾಕುವಿನಲ್ಲಿ ಅದು ಗಟ್ಟಿಯಾದ ತೆಂಗಿನೆಣ್ಣೆಯನ್ನು ತೆಳುವಾಗಿಸಿ ಇನ್ನೂ ಒಳಕ್ಕೆ ತಳ್ಳಿತು. ಆಮೇಲೆ ತಾನು ಆರಿಹೋಯಿತು, ಎಣ್ಣೆ ಮತ್ತು ಕೊಳೆ ಅಲ್ಲೇ ಉಳಿಯಿತು. ಮಳೆಯಲ್ಲಿ ನೆನೆದ ಚಾಕುವಿನ ನೀರು ಬಿಡಿಸಲು ಅದು ಒಳ್ಳೆಯ ಸಾಧನ. ಕೀಲಿಗೆ ಕಾಯಂ ಎಣ್ಣೆ ಅಂತ ನಂಬಬೇಡಿ.

ನಾನು ಮೂವತ್ತು ವರ್ಷದಿಂದ ಕೋವಿ, ಕತ್ತಿ, ಕಪಾತು ಕತ್ತರಿಗಳ ರಿಪೇರಿ ಮಾಡುತ್ತಿದ್ದೇನೆ. ಈ ಬಗೆಯ ಚಾಕುಗಳು ಇತ್ತೀಚೆಗೆ ಬರತೊಡಗಿದವು. ಬಿಗಿಯಾಗಿದೆ ಎಂದು ನನ್ನ ಕೈಗೆ ಬಂದ ಚಾಕುಗಳಲ್ಲಿ ಎಣ್ಣೆ ಕಡಿಮೆಯಾಗಿ ಕೆಟ್ಟದ್ದು ಅಪರೂಪ. ಹೆಚ್ಚಿನವು ಎಣ್ಣೆ ಜಾಸ್ತಿಯಾಗಿ, ಆ ಎಣ್ಣೆಯ ಕೆಳಗೆ ನೀರು ಮತ್ತು ಕೊಳೆ ಸಿಕ್ಕಿಹಾಕಿಕೊಂಡು ಕೆಟ್ಟವು. ನಮ್ಮ ಊರಲ್ಲಿ ಬಿಗಿಯಾದ ಯಾವುದಕ್ಕೂ ಮೊದಲು ಎಣ್ಣೆ ಬಿಡುವ ಅಭ್ಯಾಸ. ಈ ಚಾಕುವಿಗೆ ಅದನ್ನು ತಿರುಗಿಸಿ ಮಾಡಬೇಕು: ಮೊದಲು ತೊಳೆಯಿರಿ, ಆಮೇಲೆ ಪೂರ್ತಿ ಒಣಗಿಸಿ, ಕೊನೆಗೆ ಎರಡೇ ಎರಡು ತೊಟ್ಟು ಎಣ್ಣೆ.

ಕೈ ಹಾಕುವ ಮುಂಚೆ ಒಳಗೆ ಏನಿದೆ ಎಂದು ತಿಳಿದಿರಲಿ. ಗುಂಡಿ ಒತ್ತಿದರೆ ತಾನೇ ತೆರೆಯುವ ಚಾಕು ಬೇರೆ, ಇದು ಬೇರೆ. ಇದರಲ್ಲಿ ಅಲಗನ್ನು ನೀವೇ ಒಂದಷ್ಟು ತಳ್ಳಬೇಕು. ಆ ಮೊದಲ ಭಾಗದಲ್ಲಿ ಸ್ಪ್ರಿಂಗ್ ನಿಮ್ಮ ವಿರುದ್ಧ ಇರುತ್ತದೆ, ಅಲಗನ್ನು ಮುಚ್ಚಿಯೇ ಇಡಲು ನೋಡುತ್ತದೆ. ಜೇಬಿನಲ್ಲಿ ತಾನಾಗಿ ತೆರೆದುಕೊಳ್ಳದೆ ಇರುವುದು ಅದರಿಂದಲೇ. ಒಂದು ಹಂತ ದಾಟಿದ ಕೂಡಲೇ ಅದೇ ಸ್ಪ್ರಿಂಗ್ ನಿಮ್ಮ ಕಡೆಗೆ ತಿರುಗಿ ಅಲಗನ್ನು ಹೊರಕ್ಕೆ ದೂಡುತ್ತದೆ. ಕೆಲವು ಚಾಕುಗಳಲ್ಲಿ ಅದು ಸುರುಳಿ ಸ್ಪ್ರಿಂಗ್, ಬಹಳಷ್ಟರಲ್ಲಿ ಹಿಡಿಯ ಒಳಗೋಡೆಗೆ ಒರಗಿಕೊಂಡ ಒಂದು ಬಾಗಿದ ಉಕ್ಕಿನ ತಂತಿ, ಟಾರ್ಷನ್ ಬಾರ್. ಹವಾಯಿಯ ಚಾಕು ವಿನ್ಯಾಸಕಾರ ಕೆನ್ ಆನಿಯನ್ ಅವರು ಕರ್ಷಾ ಕಂಪನಿಗಾಗಿ 1990ರ ದಶಕದಲ್ಲಿ ರೂಪಿಸಿದ ಸ್ಪೀಡ್‌ಸೇಫ್ ಈ ಎರಡನೆಯ ಜಾತಿಯದು. ಆ ಮೇಲೆ ಅನೇಕರು ಅದೇ ದಾರಿ ಹಿಡಿದರು. ನಿಮ್ಮದು ಯಾವ ಕಂಪನಿಯದಾದರೂ ಆರೈಕೆ ಹೆಚ್ಚು ಕಡಿಮೆ ಒಂದೇ.

ಇಷ್ಟು ತಿಳಿದರೆ ಬೆರಳು ಉಳಿಯುತ್ತದೆ. ಮುಚ್ಚುವಾಗ ಮೊದಲು ಸ್ಪ್ರಿಂಗ್ ತಡೆಯುತ್ತದೆ, ಕೊನೆಯ ಭಾಗದಲ್ಲಿ ಫಕ್ಕನೆ ಒಳಕ್ಕೆ ಎಳೆದುಕೊಳ್ಳುತ್ತದೆ. ಒದ್ದೆ ಕೈ, ಸೋಪಿನ ಕೈಯಲ್ಲಿ ಅಲ್ಲೇ ಗಾಯವಾಗುವುದು. ಆದ್ದರಿಂದ ತೊಳೆಯುವ ಮುಂಚೆ ಅಲಗಿನ ಬಾಯಿಗೆ ಉದ್ದಕ್ಕೂ ಎರಡು ಸುತ್ತು ಮಾಸ್ಕಿಂಗ್ ಟೇಪ್ ಅಂಟಿಸಿ. ಟೇಪ್ ಹಿಡಿಯ ಒಳಗೆ ಹಿಡಿಸದಿದ್ದರೆ ಚಾಕುವನ್ನು ಪೂರ್ತಿ ಮುಚ್ಚಬೇಡಿ, ಮುಕ್ಕಾಲು ಮುಚ್ಚಿ ತೆರೆದರೆ ಸಾಕು.

ಮೊದಲು ಒಣ ಕೆಲಸ. ಚಾಕು ತೆರೆದು ಬೆಳಕಿಗೆ ಹಿಡಿದು ಹಿಡಿಯ ಸಂದಿನೊಳಗೆ ನೋಡಿ. ಜೇಬಿನ ದಾರದ ನಾರು, ಗೋಣಿಚೀಲದ ನಾರು, ಕಾಳುಮೆಣಸಿನ ಕದಿರಿನ ಪುಡಿ, ಎಲ್ಲ ಎಣ್ಣೆಗೆ ಅಂಟಿ ಕಪ್ಪು ಗಸಿಯಾಗಿ ಕೂತಿರುತ್ತದೆ. ಹಲ್ಲುಕಡ್ಡಿ, ಹಳೆಯ ಟೂತ್‌ಬ್ರಶ್, ಕಿವಿಗೆ ಹಾಕುವ ಹತ್ತಿಕಡ್ಡಿ, ಇಷ್ಟರಲ್ಲಿ ಬರುವಷ್ಟನ್ನು ತೆಗೆಯಿರಿ. ಸೂಜಿ, ಮೊಳೆ ಹಾಕಿ ಕೆದಕಬೇಡಿ. ಟಾರ್ಷನ್ ಬಾರಿನ ಮೇಲೆ ಒಂದು ಆಳವಾದ ಗೀರು ಬಿದ್ದರೆ ಮುಂದೆ ಅದು ಮುರಿಯುವುದು ಅಲ್ಲಿಂದಲೇ. ಪಂಕ್ಚರ್ ಅಂಗಡಿಯ ಗಾಳಿಯಲ್ಲಿ ಊದಿಸಿದರೆ ಒಳ್ಳೆಯದೇ, ಆದರೆ ಕಣ್ಣಿಗೆ ಕನ್ನಡಕ ಇರಲಿ.

ನೀವು ಹಲಸು ಅಂದಿರಿ. ಹಲಸಿನ ಮೇಣ ಸೋಪಿಗೂ ನೀರಿಗೂ ಜಗ್ಗುವುದಿಲ್ಲ. ಅಲ್ಲಿ ಮಾತ್ರ ನಿಮ್ಮ ತೆಂಗಿನೆಣ್ಣೆಗೆ ಕೆಲಸ ಇದೆ. ಮನೆಯಲ್ಲಿ ಹಲಸು ಬಿಡಿಸುವವರು ಕೈಗೆ ಎಣ್ಣೆ ಸವರಿಕೊಳ್ಳುವುದು ಯಾಕೆ? ಮೇಣ ಎಣ್ಣೆಗೆ ಬಿಟ್ಟುಕೊಳ್ಳುತ್ತದೆ. ಬಟ್ಟೆಗೆ ಎರಡು ತೊಟ್ಟು ಹಾಕಿ ಅಲಗಿನ ಮೇಣವನ್ನು ತಿಕ್ಕಿ ತೆಗೆಯಿರಿ, ಕೀಲಿನ ಹತ್ತಿರದ್ದಕ್ಕೆ ಹತ್ತಿಕಡ್ಡಿಯಲ್ಲಿ ಒಂದಿಷ್ಟು ಸೀಮೆಎಣ್ಣೆ ಸಾಕು. ಪೆಟ್ರೋಲ್ ಬೇಡ. ಒಲೆ ಉರಿಯುವ ಮನೆಯಲ್ಲಿ ಬಟ್ಟಲಲ್ಲಿ ಪೆಟ್ರೋಲ್ ಇಟ್ಟುಕೊಂಡು ಚಾಕು ತೊಳೆಯುವುದು ಬೆಂಕಿಯನ್ನು ಕರೆದ ಹಾಗೆ.

ಈಗ ನೀರು. ಅಗಲ ಬಟ್ಟಲಲ್ಲಿ ಉಗುರು ಬೆಚ್ಚಗಿನ ನೀರು ತೆಗೆದುಕೊಂಡು ಪಾತ್ರೆ ತೊಳೆಯುವ ದ್ರವ ನಾಲ್ಕು ಹನಿ ಹಾಕಿ. ಚಾಕುವನ್ನು ನೀರೊಳಗೇ ಇಟ್ಟು ಇಪ್ಪತ್ತು ಮೂವತ್ತು ಸಲ ನಿಧಾನ ತೆರೆದು ಮುಚ್ಚಿ. ಅಲಗನ್ನು ಹೆಬ್ಬೆರಳಲ್ಲಿ ತಡೆದು ಹಿಡಿದೇ ಬಿಡಿ, ಚಿಮ್ಮಲು ಬಿಡಬೇಡಿ. ನೀರು ಬೂದು ಬಣ್ಣಕ್ಕೆ ತಿರುಗುತ್ತದೆ. ಚೆಲ್ಲಿ, ಹೊಸ ನೀರು ಹಾಕಿ, ಮತ್ತೆ ಮಾಡಿ. ನಿಮ್ಮ ಚಾಕುವಿಗೆ ಮೂರು ಸುತ್ತು ಬೇಕಾಗಬಹುದು, ಯಾಕೆಂದರೆ ತೆಂಗಿನೆಣ್ಣೆ ಒಳಗಿದೆ. ನೀರು ಬೆಚ್ಚಗಿರಲೇಬೇಕು, ತಣ್ಣೀರಲ್ಲಿ ಆ ಎಣ್ಣೆ ಕದಲುವುದಿಲ್ಲ. ಹಿಡಿ ಮರದ್ದೋ ಕೊಂಬಿನದ್ದೋ ಆದರೆ ನೆನೆಹಾಕಬೇಡಿ, ಕೀಲಿನ ಭಾಗವನ್ನಷ್ಟೇ ಬ್ರಶ್ಶಿನಲ್ಲಿ ತೊಳೆಯಿರಿ. ಕೊನೆಗೆ ನಲ್ಲಿ ನೀರಲ್ಲಿ ಸೋಪು ಪೂರ್ತಿ ಹೋಗುವವರೆಗೆ ತೊಳೆಯಿರಿ.

ಒಣಗಿಸುವ ವಿಷಯವನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಯಾಕೆಂದರೆ ಕೊಡಗಿನಲ್ಲಿ ಚಾಕು ಸಾಯುವುದು ಇಲ್ಲಿ. ಬಯಲುಸೀಮೆಯಲ್ಲಿ ತೊಳೆದ ಚಾಕು ಮೇಜಿನ ಮೇಲಿಟ್ಟರೆ ಸಂಜೆಗೆ ಒಣಗುತ್ತದೆ. ಮಡಿಕೇರಿಯ ಕಡೆ ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ, ಭಾಗಮಂಡಲದ ಕಡೆ ಅದಕ್ಕೂ ಹೆಚ್ಚು. ಜೂನಿನಿಂದ ಸೆಪ್ಟೆಂಬರಿನವರೆಗೆ ಬೀರುವಿನೊಳಗಿನ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಅಂಥ ಗಾಳಿಯಲ್ಲಿ ಟಾರ್ಷನ್ ಬಾರ್ ಕೂತ ಕಾಲುವೆಯೊಳಗಿನ ನೀರು ದಿನಗಟ್ಟಲೆ ಹಾಗೇ ಇರುತ್ತದೆ. ಅಲಗು ಹೊಳೆಯುತ್ತಿರುತ್ತದೆ, ಒಳಗೆ ತಂತಿ ತುಕ್ಕು ಹಿಡಿಯುತ್ತಿರುತ್ತದೆ. ನೀರಿನ ಮೇಲೆ ಎಣ್ಣೆ ಬಿಟ್ಟರೆ ನೀರಿಗೆ ಮುಚ್ಚಳ ಹಾಕಿದ ಹಾಗೆ.

ನಾನು ಮಾಡುವುದು ಹೀಗೆ. ಚಾಕುವನ್ನು ಬಟ್ಟೆಗೆ ಜೋರಾಗಿ ಕುಟ್ಟಿ ನೀರು ಉದುರಿಸುತ್ತೇನೆ. ಮೆಡಿಕಲ್ ಶಾಪಿನಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲನ್ನು ಕೀಲಿನ ಎರಡೂ ಬದಿಗೆ, ಹಿಡಿಯ ಸಂದಿಗೆ ಹರಿಸಿ ಹತ್ತು ಸಲ ತೆರೆದು ಮುಚ್ಚುತ್ತೇನೆ. ಅದು ನೀರನ್ನು ತನ್ನೊಳಗೆ ಬೆರೆಸಿಕೊಂಡು ಹೊರಬಂದು ಆರುತ್ತದೆ. ಈ ಕೆಲಸ ಒಲೆಯ ಹತ್ತಿರ, ದೀಪದ ಹತ್ತಿರ ಬೇಡ. ಆಮೇಲೆ ಚಾಕುವನ್ನು ತೆರೆದೇ, ಕೀಲು ಕೆಳಗೆ ಬರುವ ಹಾಗೆ, ಒಂದು ರಾತ್ರಿ ಬೆಚ್ಚನೆಯ ಜಾಗದಲ್ಲಿ ತೂಗುಹಾಕುತ್ತೇನೆ. ಹಿಂದಿನವರು ಕತ್ತಿಯನ್ನು ಒಲೆಯ ಮೇಲಿನ ಅಟ್ಟದ ಪಕ್ಕ ಸಿಕ್ಕಿಸುತ್ತಿದ್ದರಲ್ಲ, ಅದರಲ್ಲಿ ವಿವೇಕ ಇತ್ತು: ಆ ಜಾಗ ಮಳೆಗಾಲದಲ್ಲೂ ಒಣಗಿರುತ್ತದೆ. ನಿಮ್ಮ ಚಾಕುವಿಗೂ ಒಲೆಯಿಂದ ನಾಲ್ಕೈದು ಅಡಿ ದೂರದ ಗೋಡೆ ಸಾಕು. ಬೆಂಕಿಗೆ ಹಿಡಿದು ಒಣಗಿಸಲು ಮಾತ್ರ ಹೋಗಬೇಡಿ. ತೆಳು ಬಾಯಿ ಬೇಗ ಕಾಯುತ್ತದೆ, ಕಾದರೆ ಉಕ್ಕಿನ ಹದ ಹೋಗುತ್ತದೆ, ಎಷ್ಟು ಮಸೆದರೂ ಆಮೇಲೆ ಹರಿತ ನಿಲ್ಲುವುದಿಲ್ಲ. ಪ್ಲಾಸ್ಟಿಕ್ ಹಿಡಿಯೂ ಸೊಟ್ಟಗಾಗುತ್ತದೆ. ಕೂದಲು ಒಣಗಿಸುವ ಡ್ರೈಯರ್ ಇದ್ದರೆ ಅದು ಚೆನ್ನ, ಆದರೆ ಆಲ್ಕೋಹಾಲ್ ಪೂರ್ತಿ ಆರಿದ ಮೇಲೆ ಮಾತ್ರ.

ಇನ್ನು ಎಣ್ಣೆ. ಅಡುಗೆ ಎಣ್ಣೆ ಯಾವುದೂ ಬೇಡ. ತೆಂಗಿನದು ಚಳಿಗೆ ಹೆಪ್ಪುಗಟ್ಟುತ್ತದೆ, ಸೂರ್ಯಕಾಂತಿ, ಎಳ್ಳು ಇಂಥವು ಗಾಳಿಗೆ ಕ್ರಮೇಣ ಅಂಟಾಗುತ್ತವೆ. ಎಣ್ಣೆ ಡಬ್ಬಿಯ ಹೊರಮೈಯ ಜಿಗುಟು ನೋಡಿದ್ದೀರಲ್ಲ, ಅದೇ. ಜೀಪಿನ ಇಂಜಿನ್ ಆಯಿಲ್ ದಪ್ಪ, ಬಳಸಿದ್ದಾದರೆ ಮಸಿ ಬೇರೆ. ಹೊಲಿಗೆ ಯಂತ್ರದ ಎಣ್ಣೆ ಗೋಣಿಕೊಪ್ಪದಲ್ಲಾಗಲಿ ಸೋಮವಾರಪೇಟೆಯಲ್ಲಾಗಲಿ ಸಿಗುತ್ತದೆ, ತೆಳು, ಚಳಿಗೆ ಗಟ್ಟಿಯಾಗುವುದಿಲ್ಲ. ಮನೆಯಲ್ಲಿ ಕೋವಿ ಇದ್ದರೆ ಅದರ ಎಣ್ಣೆಯೂ ಆಗುತ್ತದೆ. ಆದರೆ ನೀವು ಅದೇ ಚಾಕುವಿನಲ್ಲಿ ಕಿತ್ತಳೆ ಬಿಡಿಸಿ ಮಕ್ಕಳಿಗೆ ಕೊಡುತ್ತೀರಿ, ಹಾಗಾಗಿ ನಿಮಗೆ ನನ್ನ ಸಲಹೆ ಮೆಡಿಕಲ್ ಶಾಪಿನ ಲಿಕ್ವಿಡ್ ಪ್ಯಾರಾಫಿನ್. ಅದು ಶುದ್ಧ ಖನಿಜ ತೈಲ, ಬಣ್ಣ ವಾಸನೆ ಇಲ್ಲ, ಹಳಸುವುದಿಲ್ಲ, ಹೊಟ್ಟೆಗೆ ಒಂದಿಷ್ಟು ಹೋದರೂ ತೊಂದರೆಯಿಲ್ಲ. ಹೊಲಿಗೆ ಎಣ್ಣೆಗಿಂತ ಸ್ವಲ್ಪ ದಪ್ಪ, ಆದ್ದರಿಂದ ಇನ್ನೂ ಕಡಿಮೆ ಹಾಕಬೇಕು. ಗ್ರಾಫೈಟ್ ಪುಡಿ ಬೀಗಕ್ಕೆ ಒಳ್ಳೆಯದು ಅಂತ ಕೆಲವರು ಚಾಕುವಿಗೂ ಹಾಕುತ್ತಾರೆ. ಒಣ ಊರಲ್ಲಿ ಸರಿ, ನಮ್ಮ ತೇವದಲ್ಲಿ ಗ್ರಾಫೈಟ್ ಉಕ್ಕಿಗೆ ತಾಗಿಕೊಂಡಿದ್ದರೆ ತುಕ್ಕಿಗೇ ಸಹಾಯ ಮಾಡುತ್ತದೆ.

ಹಲ್ಲುಕಡ್ಡಿಯ ತುದಿಯನ್ನು ಎಣ್ಣೆಗೆ ಅದ್ದಿ. ತುದಿಯಲ್ಲಿ ನಿಂತ ಹನಿಯನ್ನು ಅಲಗು ಮತ್ತು ಹಿಡಿ ಸೇರುವ ಕೀಲಿನ ಸಂದಿಗೆ ಮುಟ್ಟಿಸಿ, ಅದು ತಾನೇ ಒಳಗೆ ಹೀರಿಕೊಳ್ಳುತ್ತದೆ. ಆ ಬದಿಗೆ ಒಂದು, ಈ ಬದಿಗೆ ಒಂದು. ಮೂವತ್ತು ಸಲ ತೆರೆದು ಮುಚ್ಚಿ, ಹೊರಗೆ ಬಂದದ್ದನ್ನು ಒರೆಸಿ. ಇನ್ನೊಂದು ಕಡ್ಡಿಗೆ ಎಣ್ಣೆ ಬರಿಯ ಪಸೆಯಷ್ಟು ತಾಗಿಸಿ ಟಾರ್ಷನ್ ಬಾರ್ ಕಾಣುವ ಕಡೆ ಅದರ ಉದ್ದಕ್ಕೂ, ಮುಖ್ಯವಾಗಿ ಅದರ ತುದಿ ಅಲಗನ್ನು ತಾಗುವ ಜಾಗಕ್ಕೆ ಸವರಿ. ಅಲ್ಲಿ ಲೋಹಕ್ಕೆ ಲೋಹ ಉಜ್ಜುತ್ತದೆ, ಬಹಳ ಜನ ಅದನ್ನು ಮರೆಯುತ್ತಾರೆ. ಎಣ್ಣೆ ತಾಗಬಾರದ ಜಾಗವೂ ಒಂದಿದೆ: ತೆರೆದ ಅಲಗಿನ ಹಿಂಬದಿಗೆ ಒತ್ತಿ ನಿಂತು ಅದು ಮಡಚಿಕೊಳ್ಳದಂತೆ ತಡೆಯುವ ಲೈನರ್ ಲಾಕಿನ ತುದಿ. ಅದು ಒಣಗಿಯೇ ಇರಬೇಕು. ಅಲ್ಲಿ ಎಣ್ಣೆ ಕೂತರೆ ಒತ್ತಡಕ್ಕೆ ಲಾಕ್ ಜಾರಬಹುದು, ಜಾರಿದರೆ ಅಲಗು ಬರುವುದು ನಿಮ್ಮ ಬೆರಳಿನ ಮೇಲೆ. ಹತ್ತಿಕಡ್ಡಿಗೆ ಆಲ್ಕೋಹಾಲ್ ಹಾಕಿ ಆ ಮುಖವನ್ನೂ, ಅದು ಕೂರುವ ಅಲಗಿನ ಮುಖವನ್ನೂ ಕೊನೆಯಲ್ಲಿ ಒಮ್ಮೆ ಒರೆಸಿಬಿಡಿ.

ಬಿಚ್ಚಬಹುದಾ ಎಂದು ಕೇಳಿದ್ದೀರಿ. ಬೇಡ ಎನ್ನುತ್ತೇನೆ. ಸಾದಾ ಮಡಚುವ ಚಾಕುವಾದರೆ ಬಿಚ್ಚಿ ಎಂದೇ ಹೇಳುತ್ತಿದ್ದೆ. ಇದರಲ್ಲಿ ತಂತಿ ಬಿಗಿದು ಕೂತಿರುತ್ತದೆ. ಮೊದಲ ಸಲ ಇಂಥದ್ದನ್ನು ಬಿಚ್ಚಿದಾಗ ಹಿಡಿಯ ಪಟ್ಟಿ ಎತ್ತಿದ ಕ್ಷಣ ಬಾರ್ ಚಿಮ್ಮಿ ನನ್ನ ಹುಬ್ಬಿಗೆ ಬಡಿಯಿತು. ಒಂದು ಬೆರಳು ಕೆಳಗೆ ಬಿದ್ದಿದ್ದರೆ ಕಣ್ಣು. ಆ ದಿನದಿಂದ ಕನ್ನಡಕ ಇಲ್ಲದೆ ಯಾವ ಸ್ಪ್ರಿಂಗನ್ನೂ ಮುಟ್ಟಿಲ್ಲ. ಮತ್ತೆ ಜೋಡಿಸುವಾಗ ತಂತಿಯನ್ನು ಅದರ ಜಾಗಕ್ಕೆ ಒತ್ತಿ ಹಿಡಿದುಕೊಂಡೇ ವಾಷರ್, ಅಲಗು, ಪಟ್ಟಿ ಮೂರನ್ನೂ ಕೂರಿಸಬೇಕು, ಅಭ್ಯಾಸ ಇಲ್ಲದ ಕೈಗೆ ಕಷ್ಟ. ಬಿಚ್ಚಿದ ಚಾಕುವಿಗೆ ಗ್ಯಾರಂಟಿ ಕೊಡದ ಕಂಪನಿಗಳೂ ಇವೆ. ಹೇಳಿದ ಹಾಗೆ ತೊಳೆದು ಒಣಗಿಸಿದರೆ ನಿಮ್ಮ ತೊಂದರೆಗೆ ಬಿಚ್ಚುವ ಅಗತ್ಯವೇ ಬರುವುದಿಲ್ಲ.

ಕೀಲಿನ ಸ್ಕ್ರೂ ಬೇರೆ ಮಾತು, ಅದನ್ನು ಹೊರಗಿನಿಂದಲೇ ಸರಿಪಡಿಸಬಹುದು. ಅಲಗು ಅರ್ಧಕ್ಕೆ ನಿಂತಾಗ ಯಾರಾದರೂ ಅದನ್ನು ಬಿಗಿ ಮಾಡಿದರೇ ನೋಡಿ. ಇದರ ತಲೆ ಸಾಮಾನ್ಯವಾಗಿ ಆರು ಮೂಲೆಯ ನಕ್ಷತ್ರದ ಆಕಾರ, ಟಾರ್ಕ್ಸ್ ಎನ್ನುತ್ತಾರೆ, ಹೆಚ್ಚಾಗಿ ಟಿ6 ಅಥವಾ ಟಿ8 ಬಿಟ್ ಹಿಡಿಸುತ್ತದೆ. ಅಲೆನ್ ಕೀ ತುರುಕಿ ತಲೆ ಸವೆಸಬೇಡಿ. ಒಂದು ಸುತ್ತಿನ ಎಂಟನೇ ಒಂದು ಭಾಗದಷ್ಟೇ ಸಡಿಲಿಸಿ, ತೆರೆದು ನೋಡಿ, ಬೇಕಿದ್ದರೆ ಇನ್ನಷ್ಟು. ಅಲಗು ಪೂರ್ತಿ ತೆರೆದು ಟಕ್ಕೆಂದು ಲಾಕ್ ಆಗಬೇಕು, ಆದರೆ ತುದಿ ಹಿಡಿದು ಅಕ್ಕಪಕ್ಕಕ್ಕೆ ಅಲ್ಲಾಡಿಸಿದರೆ ಅಲ್ಲಾಡಬಾರದು. ಆ ಎರಡರ ನಡುವಿನ ಜಾಗ ಬಹಳ ಚಿಕ್ಕದು, ಹುಡುಕಲು ಹತ್ತು ನಿಮಿಷ ಕೊಡಿ. ಸಿಕ್ಕ ಮೇಲೂ ಸ್ಕ್ರೂ ಪದೇ ಪದೇ ಸಡಿಲವಾದರೆ ಅದರ ತಿರುಪಿನ ಎಳೆಗಳಿಗೆ ನೀಲಿ ಲಾಕ್‌ಟೈಟ್, ಅಂದರೆ ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು, ಕಡ್ಡಿಯ ತುದಿಯಷ್ಟು ಹಚ್ಚಿ. ಅದು ವಾಷರಿಗೆ ಇಳಿದರೆ ಅಲಗೇ ಅಂಟಿಕೊಳ್ಳುತ್ತದೆ, ಎಚ್ಚರ.

ಇಷ್ಟೆಲ್ಲ ಮಾಡಿ ಮೂರು ದಿನ ಬೆಳಿಗ್ಗೆ ಪರೀಕ್ಷಿಸಿ. ಈಗಲೂ ಅರ್ಧಕ್ಕೆ ನಿಂತು, ಆದರೆ ಮರಳು ಅರೆದ ಹಾಗೆ ಕರಕರ ಅಂದರೆ ಒಳಗೆ ಕೊಳೆ ಉಳಿದಿದೆ, ಇನ್ನೊಮ್ಮೆ ತೊಳೆಯಿರಿ. ಗುಬುಟು ತಳ್ಳುವಾಗ ಮೊದಲಿನ ತಡೆಯೂ ಇಲ್ಲ, ಆಮೇಲಿನ ದೂಡುವಿಕೆಯೂ ಇಲ್ಲ, ಅಲಗು ಸಡಿಲವಾಗಿ ಜೋಲುತ್ತದೆ ಅಂದರೆ ಆಗ ಬಾರ್ ಮುರಿದಿದೆ ಎಂದು ಲೆಕ್ಕ. ಅಂಥ ಚಾಕುವನ್ನು ಜೇಬಿಗೆ ಹಾಕಬೇಡಿ, ಮುಚ್ಚಿ ಹಿಡಿಯುತ್ತಿದ್ದ ಬಲವೂ ಅದರ ಜೊತೆಗೇ ಹೋಗಿರುತ್ತದೆ.

ಮುಂದಕ್ಕೆ, ತೋಟದ ಕೆಲಸಕ್ಕೆ ತಕ್ಕ ಹಾಗೆ ನೋಡಿಕೊಳ್ಳಿ. ಸ್ಟೇನ್‌ಲೆಸ್ ಎಂದು ಬರೆದಿದ್ದರೂ ತುಕ್ಕು ಹಿಡಿಯುವುದೇ ಇಲ್ಲ ಎಂದಲ್ಲ, ತಡವಾಗಿ ಹಿಡಿಯುತ್ತದೆ ಅಷ್ಟೆ. ಅಲಗಿನ ಮೇಲೆ ಡಿ2 ಎಂದಿದ್ದರೆ ಇನ್ನೂ ಜಾಗ್ರತೆ, ಆ ಬಗೆಯ ಉಕ್ಕಿನಲ್ಲಿ ಕ್ರೋಮಿಯಂ ನೂರಕ್ಕೆ ಹನ್ನೆರಡರ ಆಸುಪಾಸು, ಪೂರ್ತಿ ಸ್ಟೇನ್‌ಲೆಸ್ ಅಲ್ಲ. ಕಿತ್ತಳೆ ರಸ, ಕಾಫಿ ಹಣ್ಣಿನ ಲೋಳೆ, ಇವೆಲ್ಲ ಹುಳಿ. ಎಲ್ಲಕ್ಕಿಂತ ಕೆಟ್ಟದ್ದು ಪಂದಿಕರಿಗೆ ಹಾಕುವ ನಮ್ಮ ಕಪ್ಪು ಹುಳಿ, ಕಾಚಂಪುಳಿ. ಪಂದಿಕರಿಗೆ ಮಾಂಸ ತುಂಡು ಮಾಡಿದ ಚಾಕು ಕಾಚಂಪುಳಿ ತಾಗಿ ಒಂದು ರಾತ್ರಿ ಸಿಂಕಿನಲ್ಲಿ ಉಳಿದರೆ ಬೆಳಿಗ್ಗೆ ಕಪ್ಪು ಕಲೆ ಖಂಡಿತ. ಹಂದಿ ಕೊಬ್ಬು ಕೀಲಿಗೆ ಇಳಿದರೆ ನಿಮ್ಮ ತೆಂಗಿನೆಣ್ಣೆಯ ಕಥೆಯೇ ಮತ್ತೆ, ಜೊತೆಗೆ ವಾಸನೆ. ಆ ಕೆಲಸಕ್ಕೆ ಅಡುಗೆಮನೆಯ ಚೂರಿ ಇರಲಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮಡಚುವ ಚಾಕುವಿನ ಸಂದುಗೊಂದುಗಳು ಮಾಂಸಕ್ಕೆ ಹೇಳಿ ಮಾಡಿಸಿದ್ದಲ್ಲ.

ಕೊಯ್ಲಿನ ದಿನಗಳಲ್ಲಿ ಸಂಜೆ ಒದ್ದೆ ಬಟ್ಟೆಯಲ್ಲೊಮ್ಮೆ, ಒಣ ಬಟ್ಟೆಯಲ್ಲೊಮ್ಮೆ ಒರೆಸಿದರೆ ಸಾಕು, ಎಣ್ಣೆ ತಿಂಗಳಿಗೊಮ್ಮೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಒಳಗೆ ನೋಡಿ. ಚರ್ಮದ ಚೀಲದಲ್ಲಿ ತಿಂಗಳುಗಟ್ಟಲೆ ಇಡಬೇಡಿ, ಚರ್ಮ ನೀರನ್ನು ಹಿಡಿದುಕೊಂಡು ಉಕ್ಕಿಗೆ ತಾಗಿಸುತ್ತದೆ. ಔಷಧಿ ಡಬ್ಬಿ, ಹೊಸ ಶೂ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಬಿಸಾಡದೆ ಒಂದು ಮುಚ್ಚಳದ ಡಬ್ಬಿಯಲ್ಲಿ ಚಾಕುವಿನ ಜೊತೆ ಹಾಕಿಡಿ. ಮಸೆಯುವುದಿದ್ದರೆ ತೊಳೆಯುವ ಮುಂಚೆಯೇ ಮಸೆಯಿರಿ, ಸಾಣೆಕಲ್ಲಿನ ಪುಡಿ ಕೀಲಿಗೆ ಇಳಿಯುವುದರಿಂದ.

ಇನ್ನೊಂದು ವಿಷಯ, ಸೆಪ್ಟೆಂಬರಿಗೆ ನೆನಪಿರಲಿ. ನಮ್ಮ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದಿಗೆ ಕೋವಿ, ಪೀಚೆಕತ್ತಿ, ಒಡಿಕತ್ತಿಗಳ ಸಾಲಿನಲ್ಲಿ ಈಗಿನ ಹುಡುಗರು ಇಂಥ ಚಾಕುವನ್ನೂ ಇಡುತ್ತಾರೆ, ಇಡಲಿ, ಅದೂ ದುಡಿದ ಆಯುಧವೇ. ಪೂಜೆಗೆ ಇಡುವ ಹಿಂದಿನ ದಿನ ಈ ಪೂರ್ತಿ ತೊಳೆಯುವ ಕೆಲಸ ಮಾಡಿದರೆ ಮಳೆಗಾಲದ ತೇವವೆಲ್ಲ ಹೊರಬರುತ್ತದೆ, ವರ್ಷಕ್ಕೊಂದು ಗುರುತಿನ ದಿನವೂ ಆಗುತ್ತದೆ. ಗಂಧದ ಬೊಟ್ಟನ್ನು ಕೀಲಿನ ಹತ್ತಿರ ಬೇಡ, ಹಿಡಿಯ ಮೇಲೆ ಇಡಿ. ಅಲಗಿಗೇ ಇಟ್ಟರೆ ಆಯುಧಗಳಿಗೆ ಮುಡಿಸಿದ ತೋಕ್‌ಪೂ ಹೂವು ತೆಗೆಯುವಾಗ ಅದನ್ನೂ ಒರೆಸಿಬಿಡಿ. ಒದ್ದೆ ಗಂಧ ಕುಂಕುಮ ಒಣಗುವವರೆಗೆ ಉಳಿದರೆ ಅದರ ಕೆಳಗೆ ದುಂಡನೆಯ ಕಲೆ ಬೀಳುತ್ತದೆ. ಬಿದ್ದರೆ ಅಡುಗೆ ಸೋಡಾವನ್ನು ನೀರಲ್ಲಿ ಕಲಸಿ ಬಟ್ಟೆಯಲ್ಲಿ ತಿಕ್ಕಿ, ತೊಳೆದು, ಒಣಗಿಸಿ, ಲಿಕ್ವಿಡ್ ಪ್ಯಾರಾಫಿನ್ ಪಸೆಯನ್ನು ಬೆರಳಲ್ಲಿ ಸವರಿಡಿ.